ಮೂರು ವಾರಕ್ಕೆ ಊರಿಗೆ ಬಂದ್ರೆ ಯಾರ ಮನೆಗೆ ಹೋಗ್ಬೇಕು, ಯಾರ ಮನೆ ಬಿಡ್ಬೇಕು?

ಪ್ರಶ್ನೆ: ನಮ್ಮನೆ ದಾವಣಗೆರೆ ವಿದ್ಯಾನಗರದಲ್ಲಿ, ಹೆಂಡ್ತಿ ತವರು ಚಿತ್ರದುರ್ಗ, ಅಕ್ಕನ್ನ ಹರಿಹರಕ್ಕೆ ಕೊಟ್ಟಿದೆ. ನಾವು ಅಮೆರಿಕದ ಡಾಲಸ್‌ನಲ್ಲಿದೀವಿ. ಮಗನಿಗೆ ಒಂಬತ್ತು, ಮಗಳಿಗೆ ನಾಲ್ಕು, ಇಬ್ರೂ ಅಲ್ಲೇ ಹುಟ್ಟಿದವ್ರು. ನಾಲ್ಕು ವರ್ಷದ ಮೇಲೆ ಈ ಡಿಸೆಂಬರ್‌ನಲ್ಲಿ ಮೂರು ವಾರಕ್ಕೆ ಬರ್ತಿದೀವಿ. ಹೋದ ಸಲ ಬಂದಾಗ ದಿನಾ ನಾಲ್ಕೈದು ಮನೆ ಸುತ್ತಿದ್ದೇ ಆಯ್ತು, ಆದ್ರೂ ಬಿಟ್ಟುಹೋದ ಮನೆಯೋರು ಇವತ್ತಿಗೂ ಮುನಿಸಿಕೊಂಡಿದಾರೆ. ಹೊರಡೋ ದಿನ ಅಪ್ಪ "ನಿನ್ ಜೊತಿ ಕೂತು ಒಂದ್ ಮಾತಾಡಾಕೆ ಆಗ್ಲಿಲ್ಲ ನೋಡು" ಅಂದ್ರು. ಫ್ರೆಂಡ್ಸ್ ಜೊತೆನೂ ಮೊದಲಿನ ಥರ ಇಲ್ಲ ಅನ್ನಿಸ್ತು. ಈ ಸಲ ಅಪ್ಪ ಚನ್ನಗಿರಿ ಕಡೆ ಇರೋ ಅಡಿಕೆ ತೋಟದ ವಿಷ್ಯ ಮಾತಾಡ್ಬೇಕು ಅಂತಿದಾರೆ, ಹೆಂಡ್ತಿ ತನ್ನ ತವರಿಗೂ ಸರಿಯಾಗಿ ದಿನ ಬೇಕು ಅಂತಿದಾಳೆ. ಹೆಂಗೆ ಪ್ಲಾನ್ ಮಾಡೋದು?

ಉತ್ತರ: ಮೊದಲು ಲೆಕ್ಕ ಸರಿ ಮಾಡ್ಕೊಳ್ಳಿ, ನಿಮ್ಮ ಕೈಲಿ ಇರೋದು ಮೂರು ವಾರ ಅಂತ ಅನ್ಕೊಂಡಿದೀರಲ್ಲ, ಅಷ್ಟಿಲ್ಲ. ಡಾಲಸ್‌ನಿಂದ ಬೆಂಗಳೂರಿಗೆ ಎಲ್ಲೋ ಒಂದು ಕಡೆ ಇಳಿದು ಹತ್ತಿ ಬರೋಷ್ಟರಲ್ಲಿ ಒಂದು ದಿನ ಹೋಯ್ತು, ಅಲ್ಲಿಂದ ದಾವಣಗೆರೆಗೆ ಇನ್ನೂ 260 ಕಿಲೋಮೀಟರ್, ಹೋಗೋವಾಗ ಮತ್ತೆ ಅಷ್ಟೇ. ಡಿಸೆಂಬರ್‌ನಲ್ಲಿ ನಿಮಗೂ ನಮಗೂ ಹನ್ನೊಂದೂವರೆ ಗಂಟೆ ವ್ಯತ್ಯಾಸ, ಅಂದ್ರೆ ಹಗಲು ರಾತ್ರಿ ಪೂರ್ತಿ ಉಲ್ಟಾ. ಮೈ ಒಂದು ದಿನಕ್ಕೆ ಹೆಚ್ಚು ಕಮ್ಮಿ ಒಂದು ಗಂಟೆಯಷ್ಟೇ ಹೊಂದಿಕೊಳ್ಳೋದು, ಹಾಗಾಗಿ ಮೊದಲ ವಾರ ಮಕ್ಕಳು ರಾತ್ರಿ ಎರಡು ಗಂಟೆಗೆ ಎದ್ದು ಹಾಲು ಬೇಕು ಅಂತಾರೆ, ಸಂಜೆ ಆರಕ್ಕೆ ಯಾರದೋ ಮನೆ ಸೋಫಾ ಮೇಲೆ ಬಿದ್ದು ನಿದ್ದೆ ಹೋಗ್ತಾರೆ, ಆ ಮನೆಯೋರು "ಪಾಪ ಹುಡುಗ ಮಾತೇ ಆಡ್ಲಿಲ್ಲ" ಅಂತಾರೆ. ಆ ವಾರ ತೆಗೆದ್ರೆ ನಿಮ್ಮ ಹತ್ರ ಉಳಿಯೋದು ಹನ್ನೆರಡು ಹದಿಮೂರು ಒಳ್ಳೆ ದಿನ, ಪ್ಲಾನ್ ಏನಿದ್ರೂ ಅಷ್ಟಕ್ಕೇ ಮಾಡಿ.

ಇನ್ನೊಂದು, ವಿಮಾನ ರಾತ್ರಿ ಇಳಿಯುತ್ತೆ ಅಂತ ಹಂಗೇ ಕ್ಯಾಬ್ ಹಿಡ್ಕೊಂಡು ಹೊರಡಬೇಡಿ. ಹಗಲಲ್ಲಿ ಹೊರಡಿ, ಸಿಟಿ ಒಳಗೆ ಹೋಗೋ ಅವಶ್ಯಕತೆನೂ ಇಲ್ಲ, ದೊಡ್ಡಬಳ್ಳಾಪುರ ದಾಬಸ್‌ಪೇಟೆ ಮೇಲಿಂದ ಹೈವೇ ಸೇರಬಹುದು. 2023ರ ಜೂನ್‌ನಿಂದ ಬೆಂಗಳೂರು ಧಾರವಾಡ ವಂದೇ ಭಾರತ್ ಓಡ್ತಿದೆ, ದಾವಣಗೆರೆಯಲ್ಲಿ ನಿಲ್ಲುತ್ತೆ, ಅದು ಒಬ್ರೇ ಬರೋರಿಗೆ ಸರಿ, ಎಂಟು ಸೂಟ್‌ಕೇಸು ಇಬ್ರು ಮಕ್ಕಳು ಇರೋರಿಗೆ ಅಲ್ಲ.

ಈಗ ಮನೆಗಳ ವಿಷ್ಯಕ್ಕೆ ಬರ್ತೀನಿ. ನಾನು ಕುಟುಂಬ ಸಲಹೆಗಾರ, ನನ್ನ ಹತ್ರ ನಿಮ್ಮಂಥ ಮಕ್ಕಳೂ ಬರ್ತಾರೆ, ಅವರು ವಾಪಸ್ ಹೋದ ಮೇಲೆ ಅವರ ಅಪ್ಪ ಅಮ್ಮನೂ ಬರ್ತಾರೆ, ಹಾಗಾಗಿ ಎರಡೂ ಕಡೆ ಕಥೆ ಕೇಳಿದೀನಿ. ಮಕ್ಕಳು ಹೇಳೋದು ಏನಂದ್ರೆ "ಅಪ್ಪ ಅಮ್ಮನೇ ಎಲ್ಲಾ ಮನೆಗೂ ಕರ್ಕೊಂಡು ಹೋಗ್ತಾರೆ, ಆಮೇಲೆ ಅವರೇ ಮನೇಲಿ ಇರ್ಲಿಲ್ಲ ಅಂತಾರೆ". ಮೇಲ್ನೋಟಕ್ಕೆ ಇದು ತಲೆಬುಡ ಇಲ್ಲದ ಮಾತು ಅನ್ನಿಸುತ್ತೆ, ಆದ್ರೆ ಸ್ವಲ್ಪ ಯೋಚನೆ ಮಾಡಿ ನೋಡಿ. ಈ ನಾಲ್ಕು ವರ್ಷದಲ್ಲಿ ನಿಮ್ಮ ದೊಡ್ಡಪ್ಪನ ಮೊಮ್ಮಗಳ ನಾಮಕರಣಕ್ಕೆ, ಚಿಕ್ಕಮ್ಮನ ಮಗನ ಮದ್ವೆಗೆ, ಯಾರದೋ ಗೃಹಪ್ರವೇಶಕ್ಕೆ, ಯಾರದೋ ಮಣ್ಣಿಗೆ ನಿಮ್ಮ ಅಪ್ಪ ಅಮ್ಮ ಹೋಗಿದಾರೆ, ಮುಯ್ಯಿ ಮಾಡಿದಾರೆ, ಹೋದಲ್ಲೆಲ್ಲಾ "ಮಗ ಬರ್ಲಿಲ್ವಾ, ಯಾವಾಗ್ ಬರ್ತಾನೆ" ಅನ್ನೋ ಮಾತಿಗೆ "ಬರ್ತಾನೆ, ಬಂದಾಗ ಕರ್ಕೊಂಡ್ ಬರ್ತೀನಿ" ಅಂತ ಮಾತು ಕೊಟ್ಟಿದಾರೆ. ನೀವು ಬಂದಾಗ ಅವರು ಆ ಮಾತನ್ನೆಲ್ಲಾ ತೀರಿಸೋಕೆ ನೋಡ್ತಾರೆ. ಅದರಲ್ಲಿ ಹೆಮ್ಮೆನೂ ಇದೆ, ಇಲ್ಲ ಅನ್ನಲ್ಲ, ಆದ್ರೆ ಹೆಮ್ಮೆಗಿಂತ ಜಾಸ್ತಿ ಅದು ಬಾಕಿ ಲೆಕ್ಕ. ಅದಕ್ಕೇ "ನಾನು ಎಲ್ಲೂ ಬರಲ್ಲ" ಅಂತ ನೀವು ಒಂದೇ ಸಲ ಕಡ್ಡಿ ಮುರಿದಂಗೆ ಹೇಳಿದ್ರೆ ಅವರಿಗೆ ಊರಲ್ಲಿ ಮುಖ ತೋರಿಸೋಕೆ ಕಷ್ಟ ಆಗುತ್ತೆ.

ಹಾಗಾಗಿ ನಾನು ಹೇಳೋದು ಇಷ್ಟೇ, ಯಾರ ಮನೆಗೆ ಹೋಗ್ಬೇಕು ಅನ್ನೋದನ್ನ ಬಂದ ಮೇಲೆ ದಿನಾ ಬೆಳಿಗ್ಗೆ ತಿಂಡಿ ತಿನ್ನೋವಾಗ ತೀರ್ಮಾನ ಮಾಡೋ ಬದಲು ಈಗ್ಲೇ, ನೀವು ಡಾಲಸ್‌ನಲ್ಲಿ ಇದ್ದಾಗಲೇ, ಅಪ್ಪ ಅಮ್ಮನ ಜೊತೆ ಒಂದು ಭಾನುವಾರ ವಿಡಿಯೋ ಕಾಲ್‌ನಲ್ಲಿ ಕೂತು ಪಟ್ಟಿ ಮಾಡಿ. ಪಟ್ಟಿ ಅವರು ಹೇಳ್ಲಿ, ನೀವು ಬರ್ಕೊಳ್ಳಿ. ಆಮೇಲೆ ಅದ್ರಲ್ಲಿ ಮೂರು ಥರದ ಮನೆ ಆರಿಸಿ ತೆಗೀರಿ, ಈ ಮೂರಕ್ಕೆ ನೀವೇ ಹೋಗ್ಲೇಬೇಕು, ಮಿಕ್ಕಿದ್ದಕ್ಕೆ ಬೇರೆ ದಾರಿ ಇದೆ.

ಮೊದಲನೇದು ನೀವು ಇಲ್ದಾಗ ನಿಮ್ಮ ಕೆಲಸ ಮಾಡಿದವರ ಮನೆ. ರಾತ್ರಿ ಹನ್ನೆರಡಕ್ಕೆ ಅಮ್ಮನಿಗೆ ಎದೆ ಉರಿ ಅಂದಾಗ ಕಾರ್ ತೆಗೆದು ಆಸ್ಪತ್ರೆಗೆ ಕರ್ಕೊಂಡು ಹೋದ ಪಕ್ಕದ ಮನೆ ಹುಡುಗ, ಬ್ಯಾಂಕ್ ಕೆಲಸಕ್ಕೆ ಅಪ್ಪನ್ನ ಬೈಕ್ ಮೇಲೆ ಕೂರಿಸಿಕೊಂಡು ಹೋಗೋ ಬಾಡಿಗೆದಾರ, ದಿನಾ ಸಂಜೆ ಬಂದು ಅರ್ಧ ಗಂಟೆ ಕೂತು ಹೋಗೋ ಅಪ್ಪನ ಹಳೇ ಸಹೋದ್ಯೋಗಿ. ಇವರು ಸಂಬಂಧಿಕರೇ ಆಗಿರಲ್ಲ, ಅದಕ್ಕೇ ಪಟ್ಟಿಯಲ್ಲಿ ಕೊನೆಗೆ ಬರ್ತಾರೆ, ಎಷ್ಟೋ ಸಲ ಬರೋದೇ ಇಲ್ಲ. ನನ್ನ ಪ್ರಕಾರ ಮೊದಲನೇ ಹೋಗೋ ಮನೆ ಇವರದ್ದು, ಅದೂ ಹೆಂಡ್ತಿ ಮಕ್ಕಳ ಸಮೇತ. ಒಂದು ಚಾಕೊಲೇಟ್ ಪ್ಯಾಕೆಟ್ ಅಪ್ಪನ ಕೈಲಿ ಕಳಿಸಿ ಮುಗಿಸಬೇಡಿ.

ಎರಡನೇದು ಹಾಸಿಗೆ ಹಿಡಿದ ಹಿರಿಯರು. ಮುಂದಿನ ಸಲ ನೀವು ಬರೋದು ಇನ್ನು ಮೂರು ನಾಲ್ಕು ವರ್ಷಕ್ಕೆ, ಬಿಡಿಸಿ ಹೇಳೋದು ಬೇಡ. ಅವರ ಹತ್ರ ಬೆಳಿಗ್ಗೆ ಹೊತ್ತು ಹೋಗಿ, ಸಂಜೆ ಅಷ್ಟೊತ್ತಿಗೆ ಸುಸ್ತಾಗಿರ್ತಾರೆ, ಗುರುತು ಸಿಗದೇ ಇದ್ರೆ "ಯಾರು ಹೇಳಿ ನೋಡೋಣ" ಅಂತ ಪರೀಕ್ಷೆ ಮಾಡ್ದೆ ನೀವೇ ಹೆಸರು, ಅಪ್ಪನ ಹೆಸರು ಹೇಳಿ.

ಮೂರನೇದು ಸಾವಾದ ಮನೆ. ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಹೊರಗಿಂದ ಬಂದವರು ಎಡವೋದು ಜಾಸ್ತಿ ಇಲ್ಲೇ. ಸೋದರಮಾವ ತೀರಿಕೊಂಡು ಎರಡು ವರ್ಷ ಆಗಿರುತ್ತೆ, ನೀವು ಆಗ ಫೋನ್ ಮಾಡಿ ಮಾತಾಡಿರ್ತೀರ, ನಿಮ್ಮ ಮನಸ್ಸಲ್ಲಿ ಆ ವಿಷ್ಯ ಮುಗಿದಿರುತ್ತೆ. ಅತ್ತೆಗೆ ಮುಗಿದಿರಲ್ಲ, ನೀವು ಹೋಗಿ ಎದುರಿಗೆ ಕೂತಾಗ ಅವರು ಆವತ್ತು ಬೆಳಿಗ್ಗೆ ಮಾವ ಎಷ್ಟು ಗಂಟೆಗೆ ಎದ್ರು, ಏನು ತಿಂದ್ರು, ಎಲ್ಲಿ ಕುಸಿದು ಬಿದ್ರು, ಆಂಬುಲೆನ್ಸ್ ಎಷ್ಟೊತ್ತಿಗೆ ಬಂತು ಅಂತ ಮೊದಲಿಂದ ಹೇಳ್ತಾರೆ. ಮಧ್ಯದಲ್ಲಿ ವಾಚ್ ನೋಡಬಾರದು, "ಹೋಗ್ಲಿ ಬಿಡಿ ಅತ್ತೆ, ಮರ್ತುಬಿಡಿ" ಅನ್ನಬಾರದು, ಸುಮ್ನೆ ಕೇಳ್ಬೇಕು. ಸ್ವೀಟು, ಚಾಕೊಲೇಟು, ಗಿಫ್ಟು ಏನೂ ಒಳಗೆ ತಗೊಂಡು ಹೋಗ್ಬೇಡಿ, ಹಣ್ಣು ಸಾಕು, ಅದೂ ನಿಮ್ಮ ಅಮ್ಮನ್ನ ಕೇಳಿ. ಹೊರಡೋವಾಗ "ಹೋಗಿ ಬರ್ತೀವಿ" ಅನ್ನೋ ಮಾತು ಬಾಯಲ್ಲಿ ತಾನಾಗೇ ಬರುತ್ತೆ, ಸಾವಿನ ಮನೇಲಿ ಅದನ್ನ ಹೇಳೋ ಪದ್ಧತಿ ಇಲ್ಲ, ಸುಮ್ನೆ ಎದ್ದು ಬರೋದು. ಎರಡು ವರ್ಷ ಆದ್ಮೇಲೂ ಆ ಪದ್ಧತಿ ಬೇಕಾ ಅಂತ ಕೇಳ್ಬಹುದು, ಕೆಲವರಿಗೆ ಬೇಕು, ಅದಕ್ಕೇ ಅಮ್ಮ ಜೊತೇಲಿ ಇರ್ಲಿ. ಮತ್ತೆ ಆ ದಿನ ಬೇರೆ ಯಾರ ಮನೆಗೂ ಇಟ್ಕೋಬೇಡಿ. ಅಲ್ಲಿಂದ ಎದ್ದು ನೇರ ಯಾರದೋ ಹೊಸ ಮನೆ ನೋಡೋಕೆ ಹೋದ್ರೆ ಆ ಮನೆಯೋರಿಗೂ ಕಸಿವಿಸಿ, ಅತ್ತೆಗೆ ಗೊತ್ತಾದ್ರೆ ಅವರಿಗೂ ಬೇಜಾರು.

ಮಿಕ್ಕ ಮನೆಗಳು ಅಂದ್ರಲ್ಲ, ಹೋದ ಸಲ ದಿನಕ್ಕೆ ಐದು ಮನೆ ಸುತ್ತಿದ್ರಿ, ಏನಾಯ್ತು ನೆನಪು ಮಾಡ್ಕೊಳ್ಳಿ. ಪ್ರತಿ ಮನೇಲೂ ಉಪ್ಪಿಟ್ಟು ಕೇಸರಿಬಾತು, ಮೂರನೇ ಮನೆಗೆ ಬರೋ ಹೊತ್ತಿಗೆ ಪ್ಲೇಟ್ ನೋಡಿದ್ರೆ ಹೊಟ್ಟೆ ತೊಳಸುತ್ತೆ, ತಿನ್ನದೇ ಇದ್ರೆ "ನಮ್ಮನಿ ಉಪ್ಪಿಟ್ಟು ಸೇರಲ್ಲ ಬಿಡಪ್ಪ ಈಗ" ಅಂತಾರೆ. ಹೆಂಡ್ತಿಗೆ ಕುಂಕುಮ ಕೊಟ್ಟು ಉಡಿ ತುಂಬೋಕೆ ಅಂತ ಒಳಗೆ ಬ್ಲೌಸ್ ಪೀಸ್ ಹುಡುಕ್ತಿರ್ತಾರೆ, ಮಗ ಫೋನ್ ಹಿಡ್ಕೊಂಡು ಮೂಲೇಲಿ ಕೂತಿರ್ತಾನೆ, ನೀವು ಅಲ್ಲಿ ಹಾಲಿನ ರೇಟು, ಮನೆ ಬಾಡಿಗೆ, ಟ್ರಂಪು, ವೀಸಾ ಅಂತ ಅದೇ ಉತ್ತರ ಅದೇ ಮಾತು. ಇಪ್ಪತ್ತು ನಿಮಿಷ ಆದ್ಮೇಲೆ ಎದ್ರೆ "ಬಂದಂಗೂ ಆಗ್ಲಿಲ್ಲ". ಇಂಥ ಭೇಟಿಯಿಂದ ಸಂಬಂಧ ಉಳಿಯುತ್ತೆ ಅಂತ ನನಗೆ ಅನ್ನಿಸಲ್ಲ, ಹಾಜರಿ ಹಾಕಿದಂಗೆ ಅಷ್ಟೇ.

ಬದಲಿಗೆ ಎರಡನೇ ವಾರದ ಭಾನುವಾರ ನಿಮ್ಮ ಮನೇಲೇ ಊಟ ಇಟ್ಕೊಳ್ಳಿ. ತಾರಸಿ ಮೇಲೆ ಶಾಮಿಯಾನ ಹಾಕಿಸಿ, ಅಡುಗೆಯೋರನ್ನ ಕರೆಸಿ, ಹೋಳಿಗೆ, ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಮುಗೀತು. ಡಿಸೆಂಬರ್ ಅರ್ಧದಿಂದ ಸಂಕ್ರಾಂತಿ ತನಕ ಧನುರ್ಮಾಸ, ಮದ್ವೆ ಗಿದ್ವೆ ಇರಲ್ಲ, ಹಾಗಾಗಿ ಜನ ಖಾಲಿ ಇರ್ತಾರೆ, ಅಡುಗೆಯೋರೂ ಸಿಗ್ತಾರೆ, ಇದೇ ನೀವು ಮೇ ತಿಂಗಳಲ್ಲಿ ಬಂದಿದ್ರೆ ಆಗ್ತಿರ್ಲಿಲ್ಲ. ಆದ್ರೆ ಕರೆಯೋ ರೀತಿ ಮುಖ್ಯ. ವಾಟ್ಸಾಪ್ ಗ್ರೂಪ್‌ಗೆ ಒಂದು ಮೆಸೇಜ್ ಹಾಕಿ ಕೈ ತೊಳ್ಕೊಂಡ್ರೆ ಅರ್ಧ ಜನ ಬರಲ್ಲ, ಬಂದವರೂ ಬಿಗುಮಾನದಲ್ಲೇ ಬರ್ತಾರೆ. ಅಪ್ಪ ಒಂದು ಸಲ ಫೋನ್ ಮಾಡ್ಲಿ, ನೀವು ಇಳಿದ ಮೇಲೆ ನೀವೊಂದು ಸಲ ಮಾಡಿ, "ದೊಡ್ಡಪ್ಪ, ನೀವು ಬರ್ಲೇಬೇಕು, ನಿಮ್ ಜೊತೆ ಕೂತು ಉಣ್ಬೇಕು" ಅಂತ ನಿಮ್ಮ ಬಾಯಲ್ಲಿ ಕೇಳ್ಲಿ. ಆಗ್ಲೂ ಒಬ್ರೋ ಇಬ್ರೋ "ಅವನನ್ನ ನೋಡಾಕೆ ನಾವ್ ಹೋಗ್ಬೇಕಾ" ಅಂತ ಬರಲ್ಲ. ಅವರ ಮನೆಗೆ ಆಮೇಲೆ ಬಿಡುವಾದಾಗ ಹೋಗಿ ಬನ್ನಿ ಅಥವಾ ಬಿಡಿ, ಮುನಿಸಿಕೊಳ್ಳೋರು ನೀವು ಅವರ ಮನೇಲಿ ವಾರ ಇದ್ರೂ ಮುನಿಸಿಕೊಳ್ತಾರೆ.

ಕೆಲವರು ಬಂದಿದ್ದನ್ನೇ ಮುಚ್ಚಿಡ್ತಾರೆ, ಹದಿನೈದಕ್ಕೆ ಬಂದು ಇಪ್ಪತ್ತಕ್ಕೆ ಬಂದೆ ಅಂತಾರೆ. ದಾವಣಗೆರೆಯಂಥ ಊರಲ್ಲಿ ಅದು ನಡೆಯಲ್ಲ ಕಣ್ರೀ, ಬೆಳಿಗ್ಗೆ ಮನೆ ಮುಂದೆ ಕ್ಯಾಬ್‌ನಿಂದ ಸೂಟ್‌ಕೇಸ್ ಇಳಿಸೋದನ್ನ ಹೂವಿನವಳು ನೋಡಿರ್ತಾಳೆ, ಮಧ್ಯಾಹ್ನದೊಳಗೆ ನಿಟ್ಟುವಳ್ಳಿ ತನಕ ಸುದ್ದಿ. ಬಂದಿದೀವಿ, ಮಕ್ಕಳಿಗೆ ನಿದ್ದೆ ಸರಿ ಹೋಗ್ಬೇಕು, ಐದು ದಿನ ಮನೇಲೇ ಇರ್ತೀವಿ ಅಂತ ನೇರವಾಗಿ ಹೇಳಿ. ಮಕ್ಕಳ ಹೆಸರು ಹೇಳಿದ್ರೆ ಯಾರೂ ಬೇಜಾರ್ ಮಾಡ್ಕೊಳ್ಳಲ್ಲ.

ಆ ಐದು ದಿನ ಅಪ್ಪ ಅಮ್ಮಂದು. ಅವರನ್ನ ಎಲ್ಲೋ ರೆಸಾರ್ಟ್‌ಗೆ ಕರ್ಕೊಂಡು ಹೋಗ್ಬೇಕು ಅಂತ ಯೋಚಿಸಬೇಡಿ, ಅವರಿಗೆ ಬೇಕಿರೋದು ಅದಲ್ಲ. ಅಪ್ಪ ಬೆಳಿಗ್ಗೆ ಕುಂದವಾಡ ಕೆರೆ ಕಡೆ ವಾಕಿಂಗ್ ಹೋಗೋರಾದ್ರೆ ಜೊತೆಗೆ ಹೋಗಿ, ಹೆಂಗೂ ನಾಲ್ಕಕ್ಕೇ ಎಚ್ಚರ ಆಗಿರುತ್ತೆ ನಿಮಗೆ. ಅಲ್ಲಿ ಅವರ ಗೆಳೆಯರಿಗೆಲ್ಲಾ "ಇವ ನನ್ ಮಗ" ಅಂತ ತೋರಿಸ್ಲಿ, ಹತ್ತು ಮನೆ ಸುತ್ತೋದು ತಪ್ಪಿತು. ಅಮ್ಮನ ಜೊತೆ ಅವರ ಡಾಕ್ಟರ್ ಹತ್ರ ಹೋಗಿ, ಒಳಗೆ ಕೂತು ಮಾತ್ರೆ ಹೆಸರು ಡೋಸು ಎಲ್ಲಾ ನೀವೇ ಬರ್ಕೊಳ್ಳಿ, ಫೋನ್‌ನಲ್ಲಿ "ಚೆನ್ನಾಗಿದೀನಿ" ಅಂತಲೇ ಹೇಳೋ ಅಮ್ಮ ಡಾಕ್ಟರ್ ಮುಂದೆ ಬೇರೆ ಹೇಳ್ತಾರೆ. ಗ್ಯಾಸ್ ಒಲೆ ಬರ್ನರ್ ಒಂದು ಉರೀತಿಲ್ಲ, ಬಚ್ಚಲಲ್ಲಿ ಹಿಡ್ಕೊಳ್ಳೋಕೆ ಕಂಬಿ ಇಲ್ಲ, ಇಂಥವು ಕಣ್ಣಿಗೆ ಬೀಳೋದು ಮನೇಲಿ ಸುಮ್ನೆ ಇದ್ದಾಗ ಮಾತ್ರ.

ಮಕ್ಕಳ ವಿಷ್ಯ. ಊರು ನಮ್ಮದೇ, ನೀರು ನಮ್ಮದೇ ಅಂತ ನಿಮಗನ್ನಿಸುತ್ತೆ, ಮಕ್ಕಳ ಹೊಟ್ಟೆಗೆ ಅದು ಗೊತ್ತಿಲ್ಲ, ನಿಮ್ಮ ಹೊಟ್ಟೆನೂ ಈಗ ಮೊದಲಿನದಲ್ಲ. ಪ್ರವಾಸಕ್ಕೆ ಅಂತ ಬಂದು ಹೋಟೆಲ್‌ನಲ್ಲಿ ಇರೋರಿಗಿಂತ ನೆಂಟರ ಮನೆಗೆ ಬರೋರಿಗೇ ಟೈಫಾಯ್ಡ್ ಥರದ್ದು ಜಾಸ್ತಿ ಬರುತ್ತೆ ಅನ್ನೋದು ವೈದ್ಯರಿಗೆಲ್ಲಾ ಗೊತ್ತಿರೋ ವಿಷ್ಯ, ಕಾರಣ ಇಷ್ಟೇ, ಇವರು ಲಸಿಕೆ ಹಾಕಿಸಿಕೊಳ್ಳಲ್ಲ, ಯಾರ ಮನೇಲಿ ಏನು ಕೊಟ್ರೂ ಬೇಡ ಅನ್ನಲ್ಲ. ಹೊರಡೋಕೆ ಎರಡು ವಾರ ಮುಂಚೆನಾದ್ರೂ ಟೈಫಾಯ್ಡ್ ಲಸಿಕೆ ಬಗ್ಗೆ ಅಲ್ಲಿನ ಮಕ್ಕಳ ಡಾಕ್ಟರನ್ನ ಕೇಳಿ. ಬಿಸಿ ಬಿಸಿ ಬೆಣ್ಣೆ ದೋಸೆ, ಎಣ್ಣೆಯಿಂದ ಆಗ ತೆಗೆದ ಮೆಣಸಿನಕಾಯಿ ಬಜ್ಜಿ, ಇವು ಪರ್ವಾಗಿಲ್ಲ, ಕೆಡೋದು ಜೊತೆಗಿರೋ ನೀರು ಚಟ್ನಿಯಿಂದ, ಹೆಚ್ಚಿಟ್ಟ ಹಣ್ಣಿಂದ, ಪಾನಿಪುರಿಯಿಂದ. ಬೀದಿ ನಾಯಿ ಮುಟ್ಟೋಕೆ ಹೋಗ್ತಾರೆ ಅಲ್ಲಿನ ಮಕ್ಕಳು, ಮೊದಲೇ ಹೇಳಿಡಿ. ಕಚ್ಚಿದ್ರೆ ಅಥವಾ ಉಗುರಿಂದ ಪರಚಿದ್ರೂ ಸೋಪು ಹಾಕಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಇಂಜೆಕ್ಷನ್‌ಗೆ ಹೋಗಿ.

ಮಗನಿಗೆ ಕನ್ನಡ ಅಷ್ಟಕ್ಕಷ್ಟೇ ಇರ್ಬೇಕು ಅಂತ ಅನ್ಕೊಳ್ತೀನಿ. ಬಂದವರ ಮುಂದೆ ನಿಲ್ಲಿಸಿ "ಕನ್ನಡದಲ್ಲಿ ಮಾತಾಡು" ಅಂತ ಒತ್ತಾಯ ಮಾಡ್ಬೇಡಿ, ಅವನು ತಪ್ಪಾಗಿ ಹೇಳಿದಾಗ ಎಲ್ಲರೂ ನಗ್ತಾರೆ, ಪ್ರೀತಿಯಿಂದಲೇ ನಗ್ತಾರೆ, ಆದ್ರೆ ಅವತ್ತಿಂದ ಬಾಯಿ ಬಿಡಲ್ಲ. ಬದಲು ಅವನಿಗೊಂದು ಕೆಲಸ ಕೊಡಿ, ದಿನಾ ಬೆಳಿಗ್ಗೆ ಅಜ್ಜನ ಜೊತೆ ಹಾಲು ತರೋದು, ದುಡ್ಡು ಇವನೇ ಕೊಟ್ಟು ಚಿಲ್ಲರೆ ಇವನೇ ಎಣಿಸಿ ತಗೊಳ್ಳೋದು. ನೀವು ಜೊತೆಗೆ ಹೋಗ್ಬೇಡಿ, ನೀವಿದ್ರೆ ಅಜ್ಜ ಮೊಮ್ಮಗ ಇಬ್ರೂ ನಿಮ್ಮ ಕಡೆ ತಿರುಗಿ ಮಾತಾಡ್ತಾರೆ. ಇನ್ನೊಂದು ವಿಷ್ಯ ಯಾರೂ ಯೋಚಿಸಲ್ಲ, ನಿಮ್ಮ ಮಕ್ಕಳಿಗೆ ರಜೆ ಇರೋ ಹೊತ್ತಿಗೆ ಇಲ್ಲಿನ ಮಕ್ಕಳಿಗೆ ಸ್ಕೂಲು, ನಮ್ಮಲ್ಲಿ ದೊಡ್ಡ ರಜೆ ದಸರಾಕ್ಕೆ ಆಮೇಲೆ ಬೇಸಿಗೇಲಿ. ಅಕ್ಕನ ಮಕ್ಕಳ ಜೊತೆ ಆಡ್ಬೇಕು ಅಂದ್ರೆ ಶನಿವಾರ ಭಾನುವಾರ ಬಿಟ್ಟಿಡಿ. ಹರಿಹರ ಏನು ದೂರ, ಅಕ್ಕ ಶನಿವಾರ ಮಧ್ಯಾಹ್ನ ಮಕ್ಕಳನ್ನ ಕರ್ಕೊಂಡು ಬಂದು ರಾತ್ರಿ ಉಳಿದ್ರೆ ಅದಕ್ಕಿಂತ ಬೇಕಾ.

ಫ್ರೆಂಡ್ಸ್ ಬಗ್ಗೆ ಕೇಳಿದೀರಿ. ಹೋದ ಸಲ ಎಲ್ರನ್ನೂ ಒಂದೇ ರಾತ್ರಿ ಒಂದು ಹೋಟೆಲ್‌ಗೆ ಕರೆದಿರ್ತೀರ, ಬಿಲ್ ನೀವೇ ಕೊಟ್ಟಿರ್ತೀರ, ಅಲ್ವಾ? ಅಲ್ಲೇ ಎಡವಟ್ಟಾಗೋದು. ಹತ್ತು ಜನ ಸೇರಿದಾಗ ಕಾಲೇಜಿನ ಹಳೇ ನಾಲ್ಕು ಜೋಕು ಬಿಟ್ರೆ ಬೇರೆ ಮಾತು ಬರಲ್ಲ, ಬಿಲ್ ನೀವು ಕೊಟ್ಟ ತಕ್ಷಣ ಅವರು ನೆಂಟರಾಗ್ತಾರೆ. ಈ ಸಲ ಒಬ್ಬೊಬ್ಬರನ್ನೇ ಅವರ ಜಾಗಕ್ಕೆ ಹೋಗಿ ನೋಡಿ. ಬಟ್ಟೆ ಅಂಗಡಿ ಇಟ್ಟಿದ್ರೆ ಮಧ್ಯಾಹ್ನ ಗಿರಾಕಿ ಕಮ್ಮಿ ಇರೋ ಹೊತ್ತಿಗೆ ಗಲ್ಲಾ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತ್ಕೊಳ್ಳಿ, ಚಾ ಅವನೇ ತರಿಸ್ಲಿ, ಸಂಜೆ ಮಂಡಕ್ಕಿ ಮೆಣಸಿನಕಾಯಿನೂ ಅವನೇ ಕೊಡಿಸ್ಲಿ. ಅವನು ಸಾಲದ ಬಗ್ಗೆ, ಮಗನ ಸೀಟಿನ ಬಗ್ಗೆ ಮಾತು ತೆಗೆದ್ರೆ ತಕ್ಷಣ ಪರಿಹಾರ ಹೇಳೋಕೆ ಹೋಗ್ಬೇಡಿ, ಅಲ್ಲಿ ಹಿಂಗಿಲ್ಲ ಅಂತಂತೂ ಹೇಳ್ಲೇಬೇಡಿ. ಕೆಲವು ಗೆಳೆತನ ನಿಜವಾಗ್ಲೂ ಮುಗಿದಿರುತ್ತೆ, ಊರಲ್ಲೇ ಇದ್ದಿದ್ರೂ ಮುಗೀತಿತ್ತು, ಅದಕ್ಕೆ ವಿಮಾನ ಕಾರಣ ಅಲ್ಲ.

ತೋಟದ ಮಾತು. ಇದನ್ನ ಊಟ ಇಟ್ಕೊಂಡ ದಿನ ಅಥವಾ ಹೊರಡೋ ಹಿಂದಿನ ರಾತ್ರಿ ತೆಗೆಯೋ ಹಂಗೆ ಬಿಡಬೇಡಿ. ಎರಡನೇ ವಾರದಲ್ಲಿ ಒಂದು ದಿನ ಪೂರ್ತಿ ಅಪ್ಪನ ಜೊತೆ ಚನ್ನಗಿರಿಗೆ ಹೋಗಿ ತೋಟದಲ್ಲಿ ಓಡಾಡಿ, ಮೊದಲು ಅವರಿಗೆ ಏನು ಬೇಕು ಅಂತ ಕೇಳಿ. ಎಷ್ಟೋ ಅಪ್ಪಂದಿರಿಗೆ ಆಸ್ತಿ ಯಾರ ಹೆಸರಿಗೆ ಅನ್ನೋದಕ್ಕಿಂತ ಇನ್ನು ಮುಂದೆ ಇದನ್ನ ನೋಡ್ಕೊಳ್ಳೋರು ಯಾರು, ಮಾರಿದ್ರೆ ಮಗ ಬೇಜಾರ್ ಮಾಡ್ಕೋತಾನಾ ಅನ್ನೋದೇ ಚಿಂತೆ. ಕಾನೂನು ವಿಷ್ಯ ಎರಡು ಮಾತು ತಲೇಲಿಟ್ಕೊಳ್ಳಿ. ಹೊರದೇಶದಲ್ಲಿ ನೆಲೆಸಿದ ಮೇಲೆ, ಪಾಸ್‌ಪೋರ್ಟ್ ಇಂಡಿಯಾದ್ದೇ ಆಗಿದ್ರೂ, ನೀವು ಇಲ್ಲಿ ಕೃಷಿ ಜಮೀನು, ತೋಟ ಕೊಂಡ್ಕೊಳ್ಳೋ ಹಂಗಿಲ್ಲ, ದಾನಪತ್ರದ ಮೂಲಕ ತಗೊಳ್ಳೋ ಹಂಗೂ ಇಲ್ಲ, ಇದು ಫೆಮಾ, ಅಂದ್ರೆ ವಿದೇಶಿ ವಿನಿಮಯ ಕಾಯ್ದೆಯ ನಿಯಮ. ವಾರಸುದಾರಿಕೆಯಿಂದ, ಅಂದ್ರೆ ವಿಲ್ ಮೂಲಕವೋ ಹಕ್ಕಿನಿಂದಲೋ ಬಂದ್ರೆ ಅಡ್ಡಿ ಇಲ್ಲ. ಹಾಗಾಗಿ "ನೀನು ಬಂದಾಗಲೇ ದಾನಪತ್ರ ಮಾಡ್ಸಿ ನಿನ್ ಹೆಸ್ರಿಗೆ ಮಾಡ್ಬಿಡ್ತೀನಿ" ಅಂತ ಅಪ್ಪ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೊರಟ್ರೆ ಮೊದಲು ವಕೀಲರ ಹತ್ರ ಕರ್ಕೊಂಡು ಹೋಗಿ. ಎರಡನೇದು ಅಕ್ಕ. ಪಿತ್ರಾರ್ಜಿತ ಆಸ್ತೀಲಿ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ್ಮೇಲೆ, ಮಗಳಿಗೂ ಮಗನಷ್ಟೇ ಹಕ್ಕು. ಕಾನೂನು ಒತ್ತಟ್ಟಿಗಿರ್ಲಿ, ದಿನಾ ಅಪ್ಪ ಅಮ್ಮನ್ನ ನೋಡ್ಕೊಳ್ತಿರೋದು ಹರಿಹರದಲ್ಲಿರೋ ಅಕ್ಕ, ಅವರಿಲ್ದೆ ಈ ಮಾತು ಶುರುನೇ ಮಾಡ್ಬೇಡಿ.

ಕಾಗದಪತ್ರದ ಸಣ್ಣ ಕೆಲಸಗಳನ್ನ ವಾರದ ಮಧ್ಯದ ಒಂದೇ ದಿನಕ್ಕೆ ಹಾಕ್ಕೊಳ್ಳಿ. ಇಲ್ಲಿನ ಹಳೇ ಸೇವಿಂಗ್ಸ್ ಅಕೌಂಟ್ ಹಂಗೇ ಇದ್ರೆ ಎನ್‌ಆರ್‌ಒ, ಅಂದ್ರೆ ಹೊರದೇಶದಲ್ಲಿ ಇರೋರ ಖಾತೆ, ಮಾಡಿಸ್ಬೇಕು, ಬಿಟ್ಟಿರೋರು ಬಹಳ ಜನ. ಮಕ್ಕಳ ಪಾಸ್‌ಪೋರ್ಟ್ ಈ ನಾಲ್ಕು ವರ್ಷದಲ್ಲಿ ಹೊಸದಾಗಿದ್ರೆ ಅದರ ಪ್ರತಿ, ಹೊಸ ಫೋಟೋ ಒಸಿಐ (ಹೊರದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡೋ ಕಾರ್ಡು) ವೆಬ್‌ಸೈಟ್‌ಗೆ ಹಾಕೋದನ್ನ ಹೊರಡೋ ಮುಂಚೆ ಅಲ್ಲೇ ಮುಗಿಸಿ.

ಇನ್ನು ಚಿತ್ರದುರ್ಗ. ನಿಮ್ಮ ಹೆಂಡ್ತಿ ಕೇಳ್ತಿರೋದು ನ್ಯಾಯ, ಅವರಿಗೂ ಅಪ್ಪ ಅಮ್ಮ ಇದಾರೆ, ಅವರೂ ನಾಲ್ಕು ವರ್ಷದಿಂದ ಕಾಯ್ತಿದಾರೆ. ದೂರ ಬರೀ 60 ಕಿಲೋಮೀಟರ್ ಅಂತ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರೋ ಥರ ಎರಡು ಮೂರು ಸಲ ಮಾಡೋದಿದೆ, ಅದು ತವರಿಗೆ ಹೋದಂಗಲ್ಲ, ಅತ್ತೆ ಮಾವನಿಗೆ ಅಡುಗೆ ಮಾಡೋಕೇ ದಿನ ಹೋಗುತ್ತೆ. ಬೆಂಗಳೂರಿಂದ ಬರೋವಾಗ ದುರ್ಗ ಮೊದಲು ಸಿಗುತ್ತೆ, ಇದನ್ನ ಉಪಯೋಗಿಸ್ಕೊಳ್ಳಿ. ಬರೋವಾಗ ಅಲ್ಲಿ ಒಂದು ಗಂಟೆ ಇಳಿದು ಮುಖ ತೋರಿಸಿ, ಚಾ ಕುಡಿದು ನೇರ ದಾವಣಗೆರೆಗೆ ಬನ್ನಿ. ಕೊನೇ ಆರು ದಿನ ಸಾಮಾನೆಲ್ಲಾ ಕಟ್ಕೊಂಡು ದುರ್ಗಕ್ಕೆ ಹೋಗ್ಬಿಡಿ, ಅಲ್ಲಿಂದಲೇ ಏರ್‌ಪೋರ್ಟ್, ದಾರಿನೂ 200 ಕಿಲೋಮೀಟರ್‌ಗೆ ಇಳೀತು. ಆಗ ಮಕ್ಕಳ ನಿದ್ದೆ ಸರಿ ಹೋಗಿರುತ್ತೆ, ಕೋಟೆ ಹತ್ತಿಸಬಹುದು, ಚಂದ್ರವಳ್ಳಿ ತೋರಿಸಬಹುದು, ಅತ್ತೆ ಮಾವನಿಗೂ ಒಳ್ಳೆ ದಿನಗಳೇ ಸಿಕ್ಕಂಗಾಯ್ತು. ನಿಮ್ಮ ಅಪ್ಪ ಅಮ್ಮನಿಗೆ ಮಗ ನಮ್ಮನೆ ಬಾಗಿಲಿಂದ ಹೊರಡಲಿಲ್ಲ ಅಂತ ಅನ್ನಿಸುತ್ತೆ, ಖಂಡಿತ ಅನ್ನಿಸುತ್ತೆ. ಅದಕ್ಕೆ ಕೊನೇ ದಿನ ಅವರನ್ನೂ ದುರ್ಗಕ್ಕೆ ಕರೆಸಿ, ಬೀಗರ ಮನೇಲಿ ಎಲ್ರೂ ಒಟ್ಟಿಗೆ ಊಟ ಮಾಡಿ ಹೊರಡಿ. ಆದ್ರೆ ಇದನ್ನ ಬಂದ ಮೇಲೆ ಹೇಳ್ಬೇಡಿ, ಪಟ್ಟಿ ಮಾಡೋಕೆ ಅಂತ ವಿಡಿಯೋ ಕಾಲ್ ಮಾಡ್ತೀರಲ್ಲ, ಅದ್ರಲ್ಲೇ ಹೇಳಿ, ಅದೂ ಹೆಂಡ್ತಿ ಹೇಳೋ ಬದಲು ನೀವೇ ಹೇಳಿ.